ಸಂಪಾದಕೀಯದ ಇಂಗ್ಲಿಷ್ ಪದಗಳನ್ನ ಹಿಂದಿ ವಿಡಿಯೊ ನೋಡಿ ಕಲೀತಿದ್ದೀನಿ, ಎಂಟು ತಿಂಗಳಾದ್ರೂ ತಲೆಯಲ್ಲಿ ನಿಲ್ತಿಲ್ಲ

ವರದಾತೀರ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್ಸಿ. ಈಗ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದ್ತಿದ್ದೀನಿ. ಲೆಕ್ಕ, ರೀಸನಿಂಗ್ ಎರಡೂ ಕನ್ನಡದಲ್ಲೇ ಬರೆಯೋ ಅವಕಾಶ ಇರೋದ್ರಿಂದ ಅಲ್ಲಿ ತೊಂದರೆ ಇಲ್ಲ. ಇಂಗ್ಲಿಷ್ ವಿಭಾಗ ಮಾತ್ರ ಪ್ರತಿ ಸಲ ಕೈ ಕೊಡ್ತದೆ. ಹೋದ ಸಲ ಮೊದಲ ಹಂತದ ಪರೀಕ್ಷೆ ಪ್ರಿಲಿಮ್ಸ್‌ನಲ್ಲಿ 30ಕ್ಕೆ 22 ಪ್ರಶ್ನೆ ಮುಟ್ಟಿದೆ. 11 ಸರಿ, 11 ತಪ್ಪು. ತಪ್ಪಿಗೆ ಕಾಲು ಅಂಕ ಕಳೆದು ಉಳಿದದ್ದು 8.25.

ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ಯೂಟ್ಯೂಬ್ ಚಾನೆಲ್ ನೋಡ್ತೀನಿ. ‘ದಿ ಹಿಂದೂ’ ಸಂಪಾದಕೀಯ ಇಟ್ಟುಕೊಂಡು ಕಷ್ಟದ ಪದಕ್ಕೆಲ್ಲ ಹಿಂದಿಯಲ್ಲಿ ಅರ್ಥ ಹೇಳ್ತಾರೆ. ದಿನಕ್ಕೆ ಹತ್ತು ಪದ. ಮೂರು ಲಾಂಗ್ ನೋಟ್‌ಬುಕ್ ತುಂಬಿ ಹೋದ್ವು.

ಮೊನ್ನೆ ನನ್ನ ತಮ್ಮ ನೋಟ್‌ಬುಕ್ ಹಿಡ್ಕೊಂಡು ಪರೀಕ್ಷೆ ಮಾಡ್ದ. ‘ಕಂಜೆಕ್ಚರ್’ ಅಂದ್ರೇನು ಅಂದ. ‘ಸಂಶಯ’ ಅಂದೆ. ಮೊಬೈಲ್‌ನಲ್ಲಿ ನೋಡಿ ‘ಊಹೆ ಅಂತ ಇದೆಯಲ್ಲಕ್ಕಾ’ ಅಂದ. ನೋಟ್‌ಬುಕ್‌ನಲ್ಲಿ ನನ್ನ ಕೈಬರಹದಲ್ಲೇ ‘ಕಂಜೆಕ್ಚರ್ – ಅನುಮಾನ’ ಅಂತಿದೆ. ವಿಡಿಯೊದವರು ‘ಅನುಮಾನ್’ ಅಂದಿದ್ರು, ಹಿಂದಿಯಲ್ಲಿ ಅದು ಅಂದಾಜು, ಊಹೆ. ನಾನು ಕನ್ನಡದ ಅನುಮಾನ ಅಂತ ತಿಳ್ಕೊಂಡು ಎಂಟು ತಿಂಗಳು ಓದಿದ್ದೀನಿ. ಹುಡುಕ್ತಾ ಹೋದ್ರೆ ‘ಎಂಡೆವರ್ – ಚೇಷ್ಟೆ’, ‘ಲೈಕ್ಲಿಹುಡ್ – ಸಂಭಾವನೆ’. ಹಿಂದಿಯಲ್ಲಿ ಅವು ಪ್ರಯತ್ನ, ಸಾಧ್ಯತೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಸಂಪಾದಕೀಯ ಓದೋದನ್ನೇ ಬಿಡ್ಲಾ? ಇಲ್ಲಾ ನಾನು ಓದೋ ರೀತೀನೇ ತಪ್ಪಾ? ತಿಳಿದವರು ಹೇಳಿ.

ಸಪ್ತಾಪುರ ರೂಮ್ ನಂ 9

ತಂಗಿ, ನಿನ್ನ ತಪ್ಪಲ್ಲ ಇದು. ಧಾರವಾಡದಾಗ ನಮ್ಮ ರೂಮಿನ ನಾಲ್ಕೂ ಮಂದಿ ಹಿಂಗ ಮಾಡೇವಿ. ಕನ್ನಡದಾಗ ಹಂಗ ಹೇಳೋರು ಕಡಿಮಿ ಅದಾರ, ಹಿಂದಿಯೊಳಗ ರಾಶಿ ರಾಶಿ ಸಿಗತಾವ, ಅದಕ್ಕ ಎಲ್ಲಾರೂ ಅಲ್ಲೇ ಹೋಗ್ತಾರ.

ನನ್ನ ಪಟ್ಟಿಗೆ ಒಂದು ಸೇರಿಸ್ಕೋ: ‘ಪೆಡಗಾಜಿ’ಗೆ ಅವರು ‘ಶಿಕ್ಷಾಶಾಸ್ತ್ರ್’ ಅಂದ್ರು. ನಾ ‘ಶಿಕ್ಷೆ ಕೊಡೂ ಶಾಸ್ತ್ರ’ ಅಂತ ಬರ್ಕೊಂಡಿದ್ದೆ. ಅದು ಕಲಿಸೂ ಶಾಸ್ತ್ರ.

ಮಂಡ್ಯದ ಮಗ

ಸೇರಿಸಿ: ಉಪನ್ಯಾಸ. ಹಿಂದಿಯಲ್ಲಿ ಕಾದಂಬರಿ, ನಮ್ಮಲ್ಲಿ ಭಾಷಣ.

ಕಡಲ ಕರೆ

ಅವಸರ. ಅವರಿಗೆ ಅವಕಾಶ, ನಮಗೆ ಗಡಿಬಿಡಿ. ಉದ್ಯೋಗ ಅವರಿಗೆ ಕೈಗಾರಿಕೆ, ನಮಗೆ ಕೆಲಸ. ಸಂಸಾರ ಅವರಿಗೆ ಜಗತ್ತು, ನಮಗೆ ಹೆಂಡ್ತಿ ಮಕ್ಕಳು.

ಸಪ್ತಾಪುರ ರೂಮ್ ನಂ 9

‘ಯುಲಜಿ – ಪ್ರಶಸ್ತಿ’. ಹಿಂದಿಯೊಳಗ ಹೊಗಳಿಕೆ. ನಾ ಅವಾರ್ಡ್ ಅಂತ ಟಿಕ್ ಮಾಡಿ ಬಂದೇನಿ, ಖರೆ.

ಕೌಂಟರ್ 3

ನಾನು ಬ್ಯಾಂಕಲ್ಲಿ ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು, ನನ್ನದೂ ಕನ್ನಡ ಮಾಧ್ಯಮ. ನೇರವಾಗಿ ಹೇಳ್ತೀನಿ, ಬೇಜಾರಾಗ್ಬೇಡಿ.

ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್‌ಗೆ 20 ನಿಮಿಷ, 30 ಪ್ರಶ್ನೆ. ಅದರಲ್ಲಿ ನೇರವಾಗಿ ‘ಈ ಪದದ ಅರ್ಥ ಏನು’ ಅಂತ ಕೇಳೋದು ಬೆರಳೆಣಿಕೆಯಷ್ಟು. ಮಿಕ್ಕಿದ್ದೆಲ್ಲ ಗದ್ಯ ಓದಿ ಉತ್ತರಿಸೋದು, ಕ್ಲೋಜ್ ಟೆಸ್ಟ್ (ಗದ್ಯದಲ್ಲಿ ಬಿಟ್ಟ ಪದ ತುಂಬೋದು), ತಪ್ಪು ಹುಡುಕೋದು, ವಾಕ್ಯ ಜೋಡಿಸೋದು. ವಾಕ್ಯ ಅರ್ಥ ಆಗ್ದೆ ಪದ ಗೊತ್ತಿದ್ದು ಏನೂ ಬರಲ್ಲ. ನೀವು ಸಂಪಾದಕೀಯದಿಂದ ಹತ್ತು ಪದ ಕಿತ್ಕೊಂಡು ವಾಕ್ಯಾನ ಅಲ್ಲೇ ಬಿಟ್ಟು ಬಂದಿದ್ದೀರಿ. ಸೊಪ್ಪು ಬಿಟ್ಟು ದಂಟು ತಂದ ಹಾಗೆ.

ನಾನು ಮಾಡಿದ್ದು ಇಷ್ಟೇ. ದಿನಕ್ಕೆ ಒಂದೇ ಸಂಪಾದಕೀಯ. ಮೊದಲ ಸಲ ಪೆನ್ ಮುಟ್ಟದೆ ಓದೋದು. ಬರೆದವರು ಯಾವ ಪರ, ಯಾರನ್ನ ಬೈದಿದ್ದಾರೆ, ಕೊನೆಗೆ ಏನು ಮಾಡಿ ಅಂತಾರೆ, ಇದಕ್ಕೆ ಕನ್ನಡದಲ್ಲಿ ಮೂರು ಸಾಲು. ಎರಡನೇ ಸಲ ಓದುವಾಗ ಅಡ್ಡ ಬಂದ ನಾಲ್ಕೋ ಐದೋ ಪದಕ್ಕೆ ಗೆರೆ. ಪದದ ಜೊತೆ ಆ ಇಡೀ ವಾಕ್ಯ ಬರ್ಕೊಳ್ಳೋದು. ನಾಲ್ಕು ತಿಂಗಳು ಹೀಗೆ ಮಾಡಿದ್ಮೇಲೆ ನನಗೆ ವೇಗ ಬಂತು.

ಗುರಿ ಒಂದೇ

@ಕೌಂಟರ್ 3, ಸರ್, ನಾನು ಒಪ್ಪಲ್ಲ. ಪಟ್ಟಿ ಉರು ಹೊಡೆದೇ ನಾನು ಮೇನ್ಸ್ ದಾಟಿದ್ದು. ಎಲ್ಲರಿಗೂ ಇಡೀ ಸಂಪಾದಕೀಯ ಓದೋಕೆ ಟೈಮ್ ಎಲ್ಲಿದೆ? ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಓದೋರು ಏನು ಮಾಡ್ಬೇಕು?

ಕೌಂಟರ್ 3

ಪಟ್ಟಿ ಬೇಡ ಅಂದಿಲ್ಲ ಗುರೂ. ಓದಿದ ಮೇಲೆ ನೀವೇ ಮಾಡ್ಕೊಂಡ ಪಟ್ಟಿ ಇರ್ಲಿ. ಬೇರೆಯವರು ಆರಿಸಿ ಕೊಟ್ಟದ್ದು ಬೇಡ. ಸಂಪಾದಕೀಯ ಅಂದ್ರೆ ಬರೀ ನಾನೂರೈನೂರು ಪದ, ಬಸ್ಸಲ್ಲಿ ನಿಂತೂ ಓದ್ಬಹುದು.

ಲೆಕ್ಚರರ್ ಮೇಡಂ

ಪದವಿ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ, ಒಂದು ಮಾತು ಸೇರಿಸ್ತೀನಿ.

ಪದಸಂಪತ್ತಿನ ಮೇಲೆ ತುಂಬ ಕೆಲಸ ಮಾಡಿರೋ ಪಾಲ್ ನೇಷನ್ ಅಂತ ಭಾಷಾವಿಜ್ಞಾನಿ ಇದ್ದಾರೆ. ಪತ್ರಿಕೆ, ಕಾದಂಬರಿಯಂಥ ಬರಹವನ್ನ ಯಾರ ಸಹಾಯವೂ ಇಲ್ಲದೆ ಓದಬೇಕಾದ್ರೆ ಅದರಲ್ಲಿರೋ ಶೇ 98ರಷ್ಟು ಪದ ಗೊತ್ತಿರ್ಬೇಕು, ಅದಕ್ಕೆ ಸುಮಾರು 8,000ದಿಂದ 9,000 ಪದಕುಟುಂಬ ಬೇಕು ಅಂತ 2006ರಲ್ಲಿ ಅವರು ಲೆಕ್ಕ ಹಾಕಿದ್ರು. ಪದಕುಟುಂಬ ಅಂದ್ರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದವು ಎಲ್ಲ ಸೇರಿ ಒಂದು. ಶೇ 98 ಅಂದ್ರೆ ಐವತ್ತು ಪದಕ್ಕೆ ಒಂದೇ ಒಂದು ಗೊತ್ತಿಲ್ಲದ್ದು.

ನನ್ನ ಕ್ಲಾಸಿನ ಹುಡುಗರಿಗೆ ಸಂಪಾದಕೀಯ ಕೊಟ್ರೆ ಐವತ್ತರಲ್ಲಿ ಏಳೆಂಟು ಪದ ತಡೆಯುತ್ತೆ. ಅಂಥವರಿಗೆ ಅದರಿಂದ ಶುರು ಮಾಡಿಸೋದು ಅನ್ಯಾಯ. ವರದಾತೀರ ಅವರೇ, ನೀವು ಒಂದು ಸಂಪಾದಕೀಯದಲ್ಲಿ ಮೊದಲ ಐವತ್ತು ಪದ ಎಣಿಸಿ ನೋಡಿ. ಐದಕ್ಕಿಂತ ಜಾಸ್ತಿ ಗೊತ್ತಿಲ್ಲ ಅಂದ್ರೆ ಎರಡು ತಿಂಗಳು ಊರಿನ ಸುದ್ದಿ, ಕ್ರೀಡಾಪುಟ, ವಾಚಕರ ಪತ್ರ ಓದಿ. ವಾಚಕರ ಪತ್ರ ಚಿಕ್ಕದು, ಒಂದೇ ವಿಷಯ, ಅಭಿಪ್ರಾಯಾನೂ ಇರುತ್ತೆ. ಅದು ಸಂಪಾದಕೀಯಕ್ಕೆ ಹತ್ತೋ ಮೆಟ್ಟಿಲು.

ವರದಾತೀರ

ಮೇಡಂ, ಈಗ್ಲೇ ಎಣಿಸಿದೆ. ಐವತ್ತಕ್ಕೆ ಆರು.

ಲೆಕ್ಚರರ್ ಮೇಡಂ

ಹಾಗಾದ್ರೆ ಅಂಚಿನಲ್ಲೇ ಇದ್ದೀರಿ. ವಾರಕ್ಕೆ ಮೂರು ಸಂಪಾದಕೀಯ ಸಾಕು, ಮಿಕ್ಕ ದಿನ ವಾಚಕರ ಪತ್ರ.

ನಿವೃತ್ತ ಕನ್ನಡ ಮೇಷ್ಟ್ರು

ಮಕ್ಕಳೇ, ಹಿಂದಿಯೋ ಕನ್ನಡವೋ ಎಂಬ ಜಗಳಕ್ಕೆ ಮುಂಚೆ ಒಂದು ಉಪಾಯ ಹೇಳುತ್ತೇನೆ. ನೀವು ಪ್ರೌಢಶಾಲೆಯಲ್ಲಿ ಉಪಸರ್ಗ ಓದಿದ್ದೀರಿ. ‘ಹಾರ’ಕ್ಕೆ ಆ ಸೇರಿದರೆ ಆಹಾರ, ವಿ ಸೇರಿದರೆ ವಿಹಾರ, ಸಂ ಸೇರಿದರೆ ಸಂಹಾರ, ಪರಿ ಸೇರಿದರೆ ಪರಿಹಾರ, ಪ್ರ ಸೇರಿದರೆ ಪ್ರಹಾರ. ‘ಪ್ರಹಾರಾಹಾರ ಸಂಹಾರ ವಿಹಾರ ಪರಿಹಾರವತ್’ ಎಂದು ಶ್ಲೋಕವೇ ಇದೆ.

ಇಂಗ್ಲಿಷಿನಲ್ಲೂ ಇದೇ ಕಾರುಬಾರು. ಲ್ಯಾಟಿನ್ನಿನಿಂದ ಬಂದ ‘ಸೀಡ್’ ಎಂಬ ಧಾತುವಿಗೆ ಹೋಗು, ಬಿಟ್ಟುಕೊಡು ಎಂದು ಅರ್ಥ. ಪ್ರಿಸೀಡ್ ಎಂದರೆ ಮುಂದೆ ಹೋಗು. ರಿಸೀಡ್, ಹಿಂದೆ ಸರಿ. ಸಿಸೀಡ್, ಒಡೆದು ಬೇರೆ ಹೋಗು. ಕನ್ಸೀಡ್, ಒಪ್ಪಿ ಬಿಟ್ಟುಕೊಡು. ಆಕ್ಸೀಡ್, ಒಪ್ಪಿ ಸೇರಿಕೋ. 1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಮಹಾರಾಜರು ಸಹಿ ಮಾಡಿದ ‘ಇನ್‌ಸ್ಟ್ರುಮೆಂಟ್ ಆಫ್ ಆಕ್ಸೆಷನ್’ ನೆನಪಿದೆಯಲ್ಲ? ಅದೇ ಆಕ್ಸೀಡ್. ಒಂದು ಧಾತು ಹಿಡಿದರೆ ಐದು ಪದ ಕೈಗೆ ಬಂದವು.

ಕಡಲ ಕರೆ

ಮೇಷ್ಟ್ರೇ, ಚೆಂದ ಇದೆ. ಆದ್ರೆ ಹುಷಾರಾಗಿರ್ಬೇಕು. ‘ಇನ್’ ಅಂದ್ರೆ ‘ಅಲ್ಲ’ ಅಂದ್ಕೊಂಡು ‘ಇನ್‌ಫ್ಲೇಮಬಲ್’ ಅಂದ್ರೆ ಬೆಂಕಿ ಹತ್ತದ್ದು ಅಂದ್ರೆ ಕಷ್ಟ. ಅದು ಬೇಗ ಬೆಂಕಿ ಹತ್ತೋದು, ಟ್ಯಾಂಕರ್ ಮೇಲೆ ಬರೆದಿರ್ತಾರೆ.

ನಿವೃತ್ತ ಕನ್ನಡ ಮೇಷ್ಟ್ರು

ಸರಿಯಾಗಿ ಹಿಡಿದಿರಿ. ಧಾತು ದಾರಿ ತೋರಿಸುತ್ತದೆ, ಮನೆ ಇದೇ ಎಂದು ನಿಘಂಟೇ ಹೇಳಬೇಕು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ನಿಮ್ಮ ತಾಲ್ಲೂಕು ಗ್ರಂಥಾಲಯದಲ್ಲಿ ಇದ್ದೀತು, ಕೇಳಿ.

ಸಪ್ತಾಪುರ ರೂಮ್ ನಂ 9

ಎಲ್ಲಾ ಸರಿ ಸರ್, ನನಗ ಸಿಟ್ಟು ಬರೂದು ಬ್ಯಾರೆ ಕಾರಣಕ್ಕ. ಗ್ರಾಮೀಣ ಬ್ಯಾಂಕಿನ ಪರೀಕ್ಷೆ ತಗೊಳ್ರಿ. ಪ್ರಿಲಿಮ್ಸ್‌ನಾಗ ಇಂಗ್ಲಿಷ್ ಇಲ್ಲ, ಚಲೋ ಆತು. ಮೇನ್ಸ್‌ನಾಗ ಇಂಗ್ಲಿಷ್ ಇಲ್ಲಾ ಹಿಂದಿ, ಎರಡರಾಗ ಒಂದು ಆರಿಸ್ಕೋರಿ ಅಂತಾರ. ಹಿಂದಿ ಮಂದಿಗೆ ಮನಿ ಭಾಷಾದಾಗ ಬರಿಯೂ ದಾರಿ ಅದ. ನಮಗ? ಕೆಲಸ ಸಿಕ್ಕ ಮ್ಯಾಲೆ ರೈತರ ಜೋಡಿ ಮಾತಾಡೂದು ಕನ್ನಡದಾಗ, ಸ್ಥಳೀಯ ಭಾಷಾ ಬರಬೇಕು ಅಂತ ಅವರೇ ಕೇಳ್ತಾರ, ಭಾಷಾ ಪೇಪರ್ ಮಾತ್ರ ಕನ್ನಡದಾಗ ಇಲ್ಲ.

ಮಂಡ್ಯದ ಮಗ

ನೂರಕ್ಕೆ ನೂರು ನಿಜ.

ಗುರಿ ಒಂದೇ

ಹಿಂದಿಯವರಿಗೆ ಎಲ್ಲಾ ಸಲೀಸು. ಇಂಗ್ಲಿಷ್ ಕಲಿಯೋದೂ ಸಲೀಸು.

ಮುಖರ್ಜಿ ನಗರ ಮೂರನೇ ಮಹಡಿ

ಗ್ರಾಮೀಣ ಬ್ಯಾಂಕಿನ ವಿಷಯ ಒಪ್ತೀನಿ. ಆದ್ರೆ ‘ಸಲೀಸು’ ಅನ್ನೋ ಮಾತಿಗೆ ಒಂದು ನಿಮಿಷ ನಿಲ್ಲಿ. ನಾನು ದೆಹಲಿಯಲ್ಲಿ ಕೋಚಿಂಗ್‌ಗೆ ಹೆಸರಾದ ಮುಖರ್ಜಿ ನಗರದಲ್ಲಿ 2013ರಿಂದ ಎರಡು ವರ್ಷ ಇದ್ದೆ, ಯುಪಿಎಸ್‌ಸಿಗೆ. ರೂಮ್‌ಮೇಟ್ ಉತ್ತರ ಪ್ರದೇಶದ ಬಲಿಯಾ ಕಡೆಯವನು. ಮನೆಯಲ್ಲಿ ಭೋಜ್‌ಪುರಿ, ಶಾಲೆಯಲ್ಲಿ ಹಿಂದಿ. ಸಂಜೆ ಗಲ್ಲಿಯ ಜೆರಾಕ್ಸ್ ಅಂಗಡಿಯಲ್ಲಿ ಸಂಪಾದಕೀಯದ ಪದಪಟ್ಟಿ ಮಾರ್ತಿದ್ರು, ಇಂಗ್ಲಿಷ್ ಪದ, ಪಕ್ಕದಲ್ಲಿ ಹಿಂದಿ ಅರ್ಥ. ಅವನು ತಂದು ಗೋಡೆಗೆ ಅಂಟಿಸ್ತಿದ್ದ.

ಒಂದು ರಾತ್ರಿ ‘ಎಕ್ಸ್‌ಪೀಡಿಯಂಟ್ – ಸಮೀಚೀನ್’ ಅಂತ ಹತ್ತು ಸಲ ಹೇಳಿಕೊಂಡು ಆಮೇಲೆ ನನ್ನ ಕಡೆ ತಿರುಗಿ ‘ಭಯ್ಯಾ, ಸಮೀಚೀನ್ ಅಂದ್ರೇನು?’ ಅಂತ ಕೇಳ್ದ. ಹಿಂದಿಯವನು ನನ್ನನ್ನ ಕೇಳ್ತಿದ್ದಾನೆ. ನಮ್ಮಲ್ಲಿ ‘ಸಮಂಜಸ’ ಅಂತಾರಲ್ಲ, ಹತ್ತತ್ರ ಹಾಗೇ ಅಂದೆ. ಆ ಅರ್ಥಾನೂ ಅರ್ಧಕ್ಕೇ ನಿಂತಿತ್ತು. ಸಂಪಾದಕೀಯದಲ್ಲಿ ‘ಪೊಲಿಟಿಕಲಿ ಎಕ್ಸ್‌ಪೀಡಿಯಂಟ್’ ಅಂದ್ರೆ ಹೊಗಳಿಕೆ ಅಲ್ಲ. ನ್ಯಾಯ ಬದಿಗಿಟ್ಟು ಆ ಹೊತ್ತಿಗೆ ಲಾಭ ಆಗೋದನ್ನ ಮಾಡಿದ್ರು ಅಂತ ಬೈದ ಹಾಗೆ. ‘ಪ್ರೈಮಾ ಫೇಸಿ’ಗೆ ‘ಪ್ರಥಮ್ ದೃಷ್ಟಯಾ’ ಅಂತ ಕೊಟ್ಟಿದ್ರು, ಮೇಲ್ನೋಟಕ್ಕೆ ಅಂತ ಅರ್ಥ. ಅವನ ಊರಲ್ಲಿ ಯಾರೂ ಹಾಗೆ ಮಾತಾಡಲ್ಲ. ಅವನಿಗೆ ಪುಸ್ತಕದ ಹಿಂದೀನೂ ಅರ್ಧ ಪರಭಾಷೆ.

2014ರ ಜುಲೈನಲ್ಲಿ ಆ ಬೀದಿಯಲ್ಲಿ ಪ್ರತಿಭಟನೆ ಆದಾಗ ನಾನಲ್ಲಿದ್ದೆ. ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ 2011ರಲ್ಲಿ ಬಂದ ಸಿಸ್ಯಾಟ್, ಅಂದ್ರೆ ತರ್ಕ, ಲೆಕ್ಕ, ಓದಿ ಅರ್ಥ ಮಾಡ್ಕೊಳ್ಳೋ ಶಕ್ತಿ ನೋಡೋ ಪತ್ರಿಕೆ, ಇಂಗ್ಲಿಷ್ ಬಲ್ಲವರಿಗೆ ಅನುಕೂಲ ಅಂತ ಹಿಂದಿ ಮಾಧ್ಯಮದ ಹುಡುಗರು ಬೀದಿಗಿಳಿದ್ರು. ಆಗಸ್ಟ್‌ನಲ್ಲಿ ಇಂಗ್ಲಿಷ್ ಭಾಗದ ಅಂಕ ಲೆಕ್ಕಕ್ಕಿಲ್ಲ ಅಂತ ಸರ್ಕಾರ ಹೇಳ್ತು. ಮುಂದಿನ ವರ್ಷದಿಂದ ಸಿಸ್ಯಾಟ್‌ನಲ್ಲಿ ಶೇ 33 ಬಂದ್ರೆ ಸಾಕು ಅಂತಾಯ್ತು. ಮೇನ್ಸ್‌ನಲ್ಲಿ 300 ಅಂಕದ ಇಂಗ್ಲಿಷ್ ಪತ್ರಿಕೆ ಈಗಲೂ ಇದೆ, ಶೇ 25 ಬರದಿದ್ರೆ ಬೇರೆ ಪತ್ರಿಕೆ ಲೆಕ್ಕಕ್ಕೇ ತಗೊಳ್ಳಲ್ಲ. ಅವನು ಆ ಪತ್ರಿಕೆಗೆ ಹೆದರಿ ಬೆವರ್ತಿದ್ದದ್ದು ನಾನು ಕಂಡಿದ್ದೀನಿ.

ಕೊನೆಗೆ ಅವನಿಗೆ ಕೆಲಸಕ್ಕೆ ಬಂದದ್ದು ಒಂದೇ. ಪಟ್ಟಿ ಕಿತ್ತು ಹಾಕಿ, ಪ್ರತಿ ವಾಕ್ಯವನ್ನ ಅವನ ಅಜ್ಜಿಗೆ ಹೇಳೋ ಹಾಗೆ ಭೋಜ್‌ಪುರಿಯಲ್ಲಿ ಗಟ್ಟಿಯಾಗಿ ಹೇಳೋಕೆ ಶುರು ಮಾಡ್ದ. ನಾನು ಪಕ್ಕದ ಮಂಚದಲ್ಲಿ ಕೂತು ನಮ್ಮ ಅಜ್ಜಿಗೆ ಹೇಳೋ ಹಾಗೆ ಕನ್ನಡದಲ್ಲಿ ಹೇಳ್ತಿದ್ದೆ.

ಸಪ್ತಾಪುರ ರೂಮ್ ನಂ 9

ಅಣ್ಣಾ, ಇದು ನನಗ ಗೊತ್ತಿರಲಿಲ್ಲ. ಅಜ್ಜಿಗೆ ಹೇಳೂ ಪದ್ಧತಿ ಇವತ್ತಿಂದ ನಮ್ಮ ರೂಮಿನಾಗ ಶುರು.

ಗುರಿ ಒಂದೇ

ಸಲೀಸು ಅಂದದ್ದು ವಾಪಸ್ ತಗೊಂಡೆ.

ಉಳಿ ಬಾಚಿ

ನಮ್ಮಪ್ಪ ಬಡಗಿ. ಸಂಪಾದಕೀಯದಲ್ಲಿ ‘ಡವ್‌ಟೇಲ್’ ಅಂತ ಕ್ರಿಯಾಪದ ಬರುತ್ತೆ, ಒಂದು ಯೋಜನೆ ಇನ್ನೊಂದರ ಜೊತೆ ಡವ್‌ಟೇಲ್ ಆಗ್ಬೇಕು ಅಂತ. ಹಿಂದಿ ಪಟ್ಟಿಯಲ್ಲಿ ‘ಮೇಲ್ ಖಾನಾ’ ಅಂತಿತ್ತು, ಹೊಂದಿಕೊಳ್ಳೋದು ಅಂತ. ನೆನಪೇ ಉಳೀತಿರ್ಲಿಲ್ಲ. ಒಂದಿನ ಅಪ್ಪ ಹಳೇ ಮೇಜಿನ ಡ್ರಾಯರ್ ಬಿಚ್ಚಿ ಮೂಲೆ ತೋರ್ಸಿದ್ರು. ಒಂದು ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದ ಥರ ಹಲ್ಲು, ಬುಡ ಕಿರಿದು, ತುದಿ ಅಗಲ. ಇನ್ನೊಂದು ಹಲಗೆಯಲ್ಲಿ ಅದೇ ಅಳತೆಯ ಕಚ್ಚು. ಮೊಳೆ ಬೇಡ, ಎಳೆದ್ರೂ ಬಿಡಲ್ಲ. ಇದೇ ಡವ್‌ಟೇಲ್ ಅಂದ್ರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು.

ಲೆಕ್ಚರರ್ ಮೇಡಂ

ಎಷ್ಟು ಚೆನ್ನಾಗಿ ಹೇಳಿದ್ರಿ. ನಾಳೆ ಕ್ಲಾಸಲ್ಲಿ ಇದನ್ನೇ ಹೇಳ್ತೀನಿ. ‘ಫಿಲಿಪ್’ ಕೂಡ ಹಾಗೇ. ಕೈಗಾರಿಕೆಗೆ ಫಿಲಿಪ್ ಸಿಕ್ತು ಅಂತ ಬರೀತಾರೆ. ಮೂಲದಲ್ಲಿ ಅದು ಹೆಬ್ಬೆರಳಿಗೆ ಬೆರಳು ಒತ್ತಿ ಚಿಮ್ಮೋದು, ಕೇರಂ ಸ್ಟ್ರೈಕರ್‌ಗೆ ಹೊಡೀತೀವಲ್ಲ ಹಾಗೆ. ಆ ಚಿಮ್ಮುವಿಕೆಯೇ ಉತ್ತೇಜನ ಅನ್ನೋ ಅರ್ಥಕ್ಕೆ ಬೆಳೀತು.

ಮಂಡ್ಯದ ಮಗ

‘ಮೂಟ್ ಪಾಯಿಂಟ್’ ಅಂದ್ರೆ ಚರ್ಚಿಸಿ ಉಪಯೋಗ ಇಲ್ಲದ್ದು ಅಲ್ವಾ?

ಮುಖರ್ಜಿ ನಗರ ಮೂರನೇ ಮಹಡಿ

ಅದು ಅಮೆರಿಕದ ಬಳಕೆ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಇನ್ನೂ ಚರ್ಚೆಗೆ ಬಾಕಿ ಇರೋದು. ಕಾನೂನು ಕಾಲೇಜಲ್ಲಿ ‘ಮೂಟ್ ಕೋರ್ಟ್’ ಅಂತಾರಲ್ಲ, ಅಲ್ಲಿ ವಾದಾನೇ ಮಾಡೋದು. ವಾಕ್ಯ ನೋಡದೆ ಯಾವ ಅರ್ಥ ಅಂತ ಹೇಳೋಕಾಗಲ್ಲ.

ಕೌಂಟರ್ 3

‘ಸ್ಯಾಂಕ್ಷನ್’ ಇನ್ನೂ ಕಷ್ಟ. ನಮ್ಮ ಬ್ಯಾಂಕಲ್ಲಿ ಸಾಲ ಸ್ಯಾಂಕ್ಷನ್ ಆಯ್ತು ಅಂದ್ರೆ ಖುಷಿ. ಪೇಪರ್‌ನಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ ಅಂದ್ರೆ ನಿರ್ಬಂಧ. ‘ಓವರ್‌ಸೈಟ್’ ಕೂಡ, ಒಂದು ಕಡೆ ಮೇಲ್ವಿಚಾರಣೆ, ಇನ್ನೊಂದು ಕಡೆ ಕಣ್ತಪ್ಪು. ಪದ–ಅರ್ಥ ಪಟ್ಟಿ ಮಾಡಿದ್ರೆ ಇಂಥವು ಕೈ ಕೊಡ್ತವೆ.

ಹಂಪಿನಗರ ಗ್ರಂಥಾಲಯ

ನಾನು ಬೆಂಗಳೂರು ವಿಜಯನಗರದ ಹತ್ರ ಪಿಜಿಯಲ್ಲಿದ್ದು ಹಂಪಿನಗರದ ಗ್ರಂಥಾಲಯದಲ್ಲಿ ಓದಿದವಳು. ಹಿಂದಿ ನನಗೆ ಬರೋದೇ ಇಲ್ಲ, ಹಾಗಾಗಿ ಬೇರೆ ದಾರಿ ಹುಡುಕಿದೆ. ‘ಡೆಕ್ಕನ್ ಹೆರಾಲ್ಡ್’, ‘ಪ್ರಜಾವಾಣಿ’ ಎರಡೂ ಒಂದೇ ಸಂಸ್ಥೆಯವು, ಎರಡೂ 1948ರಲ್ಲಿ ಶುರುವಾದವು. ರಾಜ್ಯದ ದೊಡ್ಡ ವಿಷಯ ಬಂದಾಗ ಎರಡರಲ್ಲೂ ಸಂಪಾದಕೀಯ ಇರುತ್ತೆ, ಅನುವಾದ ಅಲ್ಲ, ಬೇರೆ ಬೇರೆ ಬರೆದದ್ದು. ಮೊದಲು ಕನ್ನಡದ್ದು ಓದ್ತಿದ್ದೆ. ವಿಷಯ ತಲೆಗೆ ಹೋದ ಮೇಲೆ ಇಂಗ್ಲಿಷ್‌ನದು ಎತ್ತಿಕೊಂಡ್ರೆ ಗೊತ್ತಿಲ್ಲದ ಪದಾನೂ ತಾನೇ ಬಾಯಿ ಬಿಡುತ್ತೆ. ಇಲ್ಲಿ ‘ಬಿಕ್ಕಟ್ಟು’ ಅಂದದ್ದು ಅಲ್ಲಿ ‘ಇಂಪಾಸ್’, ಇಲ್ಲಿ ‘ಹರಕೆಯ ಕುರಿ’ ಅಲ್ಲಿ ‘ಸ್ಕೇಪ್‌ಗೋಟ್’, ಇಲ್ಲಿ ‘ಉರಿಯುವ ಬೆಂಕಿಗೆ ತುಪ್ಪ’ ಅಲ್ಲಿ ‘ಎಕ್ಸಾಸರ್ಬೇಟ್’. ವರದಾತೀರ, ಹಿಂದಿಯ ಮೂಲಕ ಸುತ್ತಿ ಬರೋ ಅಗತ್ಯವೇ ಇಲ್ಲ ನಿಮಗೆ.

ಒಂದು ಎಚ್ಚರಿಕೆ. ಕಲಿತ ದೊಡ್ಡ ಪದಗಳನ್ನ ಪತ್ರದಲ್ಲಿ ತುರುಕಬೇಡಿ. ವಿವರಣಾತ್ಮಕ ಪತ್ರಿಕೆಯ ಮಾಕ್ ಟೆಸ್ಟ್‌ನಲ್ಲಿ ಚೆಕ್‌ಬುಕ್ ಬರಲಿಲ್ಲ ಅಂತ ಮ್ಯಾನೇಜರ್‌ಗೆ ಬರೆಯೋ ಪತ್ರದಲ್ಲಿ ‘ಎಗ್ರೀಜಿಯಸ್’ (ಘೋರ), ‘ಪ್ಲೆಥೋರಾ’ (ವಿಪರೀತ ಹೆಚ್ಚು) ಎರಡೂ ಹಾಕಿದ್ದೆ. ತಿದ್ದಿದ ಮೇಡಂ ಎರಡಕ್ಕೂ ಸುತ್ತು ಹಾಕಿ ‘ಇಷ್ಟು ಕೋಪ ಯಾಕಮ್ಮ’ ಅಂತ ಬರೆದಿದ್ರು.

ವರದಾತೀರ

ಮೂರು ವಾರ ಬಿಟ್ಟು ಬರ್ತಿದ್ದೀನಿ, ಎಲ್ಲರಿಗೂ ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಓದ್ತಾ ಇದ್ದೆ.

ಹಳೇ ಮೂರು ನೋಟ್‌ಬುಕ್ ಅಟ್ಟಕ್ಕೆ ಹೋದ್ವು. ಹೊಸದರಲ್ಲಿ ಒಂದು ಪುಟಕ್ಕೆ ಒಂದೇ ಸಂಪಾದಕೀಯ. ಮೇಲೆ ಕನ್ನಡದಲ್ಲಿ ಮೂರು ಸಾಲು. ಕೆಳಗೆ ನಾಲ್ಕು ಪದ, ಅದರ ವಾಕ್ಯ, ಪಕ್ಕದಲ್ಲಿ ಅವ್ವನಿಗೆ ಹೇಳಿದ್ರೆ ಹೆಂಗೆ ಹೇಳ್ತಿದ್ದೆ ಅಂತ. ‘ರೀನ್ ಇನ್’ಗೆ ‘ಎತ್ತಿನ ಮೂಗುದಾರ ಜಗ್ಗಿ ಹಿಡಿಯೋದು’ ಅಂತ ಬರೆದಿದ್ದೀನಿ. ಕುದುರೆ ಲಗಾಮು ಅಂತ ಗೊತ್ತು, ಆದ್ರೆ ನಮ್ಮ ಮನೇಲಿರೋದು ಎತ್ತು. ಒಂಬತ್ತು ಪುಟ ಆಗಿದೆ. ನಿನ್ನೆ ತಮ್ಮ ಕೇಳಿದ 36 ಪದದಲ್ಲಿ 31 ಹೇಳ್ದೆ.

ಇವತ್ತು ರಿಸರ್ವ್ ಬ್ಯಾಂಕಿನ ಬಡ್ಡಿದರದ ಬಗ್ಗೆ ಓದಿದೆ. ‘ಹಾಕಿಶ್’ ಅಂತ ಮೂರು ಕಡೆ ಬಂತು. ಗಿಡುಗ ಅಂತ ನಿಘಂಟು ಹೇಳ್ತು. ಬಡ್ಡಿಗೂ ಗಿಡುಗಕ್ಕೂ ಏನು ಸಂಬಂಧ?

ಕೌಂಟರ್ 3

ಬೆಲೆ ಏರಿಕೆ ಕಂಡ ತಕ್ಷಣ ಎರಗಿ ಬಡ್ಡಿ ಹೆಚ್ಚಿಸಿ ಹಿಡಿಯೋಣ ಅನ್ನೋರು ಹಾಕಿಶ್. ಬಡ್ಡಿ ಕಡಿಮೆ ಇರ್ಲಿ, ವ್ಯಾಪಾರ ಬೆಳೀಲಿ ಅನ್ನೋ ಮೆತ್ತನೆಯವರು ಡವಿಶ್. ದರ ತೀರ್ಮಾನಿಸೋ ಹಣಕಾಸು ನೀತಿ ಸಮಿತಿಯಲ್ಲಿ ಆರು ಜನ ಇರ್ತಾರೆ. ಯಾರು ಯಾವ ಕಡೆ ಮತ ಹಾಕಿದ್ರು ಅಂತ ಸಂಪಾದಕೀಯದವರು ಬರೆಯೋದು ಇದೇ ಪದದಲ್ಲಿ.

ಉಳಿ ಬಾಚಿ

ಡವ್ ಅಂದ್ರೆ ಅದೇ ಪಾರಿವಾಳ, ನಮ್ಮ ಡ್ರಾಯರ್‌ದು!

ವರದಾತೀರ

ಹತ್ತನೇ ಪುಟಕ್ಕೆ ಎರಡೂ ಹಕ್ಕಿ ಬರೆದುಕೊಂಡೆ. ರಾತ್ರಿ ತಮ್ಮ ಕೇಳ್ತಾನೆ.